ನಾಲ್ಕು ತೂತಿನ ಆಪರೇಷನ್ನು

ಲಾಂಡ್ರಿಯ ಹಿಂದಿನ ಕೋಣೆಯಿಂದ,
ಶನಿವಾರ, ಹನ್ನೆರಡನೇ ತಾರೀಕು

ಪ್ರೀತಿಯ ಅಮ್ಮಾ,

ನಿನ್ನ ಮಂಡಿ ಹೇಗಿದೆ? ಅಕ್ಕ ದಿನವೂ ಎಣ್ಣೆ ಹಚ್ಚಿ ನೀವುತ್ತಾಳೋ, ಇಲ್ಲ ಬಾಯಿಮಾತಿನಲ್ಲೇ ಮುಗಿಸುತ್ತಾಳೋ? ಅವಳ ಮನೆಯ ಮೆಟ್ಟಿಲನ್ನು ಮಾತ್ರ ಹತ್ತಬೇಡ, ಬೇಕಾದದ್ದನ್ನು ಕೆಳಗೇ ತರಿಸಿಕೋ. ನೀನು ಒಂದು ಚೆಂಬು ಎತ್ತಿದರೂ ನನ್ನ ಜೀವಕ್ಕೆ ಸಮಾಧಾನವಿಲ್ಲ. ಫೋನಿನಲ್ಲಿ ನಿನಗೆ ಕಿವಿ ಕೇಳಿಸುವುದಿಲ್ಲ, ನಾನು ಕಿರುಚಿದರೆ ಬಟ್ಟೆ ಕೊಡಲು ಬಂದವರೆಲ್ಲ ನಮ್ಮ ಸಂಸಾರವನ್ನು ನಿಂತು ಕೇಳುತ್ತಾರೆ. ಅದಕ್ಕೇ ಈ ಕಾಗದ.

ನಿನ್ನ ಸೊಸೆಯ ಆಪರೇಷನ್ನು ಹೋದ ವಾರ ಮುಗಿಯಿತು. ಗರ್ಭಕೋಶದಲ್ಲಿ ಗಡ್ಡೆಗಳು ಬೆಳೆದು ಬೆಳೆದು ಅದು ಆರು ತಿಂಗಳ ಬಸುರಿಯ ಹೊಟ್ಟೆಯಷ್ಟು ಆಗಿತ್ತಲ್ಲ, ಪೂರ್ತಿ ತೆಗೆದರು. ಇನ್ನು ಆ ಕಾಟವಿಲ್ಲ. ಕೌಂಟರಿಗೆ ಬಂದ ಹೆಂಗಸರು 'ಎಷ್ಟು ತಿಂಗಳು?' ಅಂತ ಕೇಳಿದಾಗಲೆಲ್ಲ ನಾನು 'ಅದು ಹುಟ್ಟೋ ಪೈಕಿ ಅಲ್ಲ ಬಿಡಿ' ಅನ್ನುತ್ತಿದ್ದೆ. ಅವರು ನಗುತ್ತಿದ್ದರು, ಇವಳು ಇಸ್ತ್ರಿಪೆಟ್ಟಿಗೆ ನಿಲ್ಲಿಸಿ ಒಳಗೆ ಹೋಗಿಬಿಡುತ್ತಿದ್ದಳು. ತಮಾಷೆ ಅಂದರೇನು ಅಂತಲೇ ತಿಳಿಯದ ಹೆಣ್ಣು. ಮೇಲೆ ತಿಂಗಳು ತಿಂಗಳೂ ಆ ರಕ್ತ. ಲಾಡ್ಜುಗಳ ಶೀಟಿನ ಕಲೆ ತೆಗೆದು ಸಾಕಾಗಿ ಬಂದರೆ ಮನೆಯ ಹಾಸಿಗೆಯಲ್ಲೂ ಕಲೆ. ಒಗೆದುಕೊಳ್ಳುತ್ತಿದ್ದವಳು ಅವಳೇ ಅನ್ನು, ಆದರೂ ನೋಡಬೇಕಾದವನು ನಾನು ತಾನೇ?

ಆಪರೇಷನ್ನಾದ ಮೇಲೆ ಹೋಗಿ ನೋಡುತ್ತೇನೆ, ಬೆಟ್ಟ ಅಗೆದು ಇಲಿ ಹಿಡಿದ ಹಾಗೆ! ಹೊಟ್ಟೆಯ ಮೇಲೆ ನಾಲ್ಕೇ ನಾಲ್ಕು ಪುಟ್ಟ ತೂತು, ಒಂದೊಂದರ ಮೇಲೂ ಹೆಬ್ಬೆರಳಷ್ಟು ಪಟ್ಟಿ. ಅವುಗಳಿಂದಲೇ ಕ್ಯಾಮೆರಾ, ಕತ್ತರಿ ಎಲ್ಲ ಒಳಗೆ ಬಿಟ್ಟು, ಗರ್ಭಕೋಶವನ್ನು ಬಿಡಿಸಿ, ಚೀಲಕ್ಕೆ ಹಾಕಿ ತುಂಡು ಮಾಡಿ ಕೆಳಗಿನಿಂದ ತೆಗೆದರಂತೆ. ಇಷ್ಟು ಸಲೀಸಾಗಿ ಮಾಡಿದ ಡಾಕ್ಟರಮ್ಮ ಆಮೇಲೆ ನನ್ನನ್ನು ನಿಲ್ಲಿಸಿಕೊಂಡು ಕೊಟ್ಟ ಉಪದೇಶವೇನು ಗೊತ್ತೇ? 'ಹೊರಗಿನ ಗಾಯ ನೋಡಿ ಮೋಸ ಹೋಗಬೇಡಿ. ದೊಡ್ಡ ಹೊಲಿಗೆ ಒಳಗಿದೆ. ಆರು ವಾರ ಭಾರ ಎತ್ತೋ ಹಾಗಿಲ್ಲ, ಅದು ಬಿಟ್ಟುಕೊಂಡರೆ ಕಷ್ಟ.' ಆರು ವಾರ! ಕಡ್ಡಿಯನ್ನು ಗುಡ್ಡ ಮಾಡುವುದು ಅಂದರೆ ಇದೇ.

ಆಪರೇಷನ್ನು ಅಂದರೆ ನಿನ್ನದು, ಅಮ್ಮಾ. ನಿನ್ನ ಗರ್ಭಕೋಶ ತೆಗೆದಾಗ ಹೊಕ್ಕುಳಿನ ಕೆಳಗೆ ಗೇಣುದ್ದದ ಸೀಳು. ನೆಂಟರು ಬಂದರೆ ಕೇಳುವ ಮೊದಲೇ ನೀನು ತೋರಿಸುತ್ತಿದ್ದೆ, ನಾನು ನಾಚಿಕೆಯಿಂದ ಹೊರಗೆ ಓಡುತ್ತಿದ್ದೆ. ಅಪ್ಪ ಬೇಸಿಗೆಯೆಲ್ಲ ನಿನಗೆ ನೀರು ಕಾಯಿಸಿಕೊಟ್ಟರು, ತಲೆ ಬಾಚಿದರು, ಒಂದು ದಿನವೂ ಮುಖ ಸಿಂಡರಿಸಲಿಲ್ಲ. ಗಾಯಕ್ಕೆ ತಕ್ಕ ಆರೈಕೆ. ನಾಲ್ಕು ತೂತಿಗೆ ಎಷ್ಟು ಆರೈಕೆ ಅಂತ ನೀನೇ ಹೇಳು. ನೀನು ಹೋದ ಕಾಗದದಲ್ಲಿ 'ಆಪರೇಷನ್ನು ಮುಗಿದ ಕೂಡಲೇ ಮಹಾರಾಣಿಯನ್ನ ಹಾಸಿಗೆಯಿಂದ ಎಬ್ಬಿಸು, ಇಲ್ಲದಿದ್ರೆ ಅಲ್ಲೇ ಬೇರು ಬಿಡ್ತಾಳೆ' ಅಂತ ಬರೆಸಿದ್ದೆಯಲ್ಲ, ಓದಿ ಬಿದ್ದು ಬಿದ್ದು ನಕ್ಕೆ. ಅವಳಿಗೂ ಓದಿ ಹೇಳಿದೆ.

ಮಂಗಳವಾರ ಎಬ್ಬಿಸಿದೆ. ಮೊದಲು ಬರೀ ಶೀಟು ಮಡಿಸಲು ಕರೆದೆ, ಅದಕ್ಕೆ ಎರಡು ತುದಿಗೆ ಇಬ್ಬರು ಬೇಕೇ ಬೇಕು. ನಿಂತಳು. ಆಮೇಲೆ ಮೆಷಿನ್ನಿನಿಂದ ಒದ್ದೆ ಶೀಟಿನ ಬುಟ್ಟಿ ಎತ್ತಿ ಹಿತ್ತಲಿನ ತಂತಿಯವರೆಗೆ ಒಯ್ಯುವ ಕೆಲಸ. ಆಳು ಕೈಕೊಟ್ಟು ಹೋಗಿದ್ದಾನೆ, ನನ್ನ ಸೊಂಟದ ಕಥೆ ನಿನಗೆ ಗೊತ್ತೇ ಇದೆ. 'ಒಳಗೆ ಏನೋ ಎಳೆದ ಹಾಗಾಗುತ್ತೆ ರೀ' ಅಂದಳು. 'ಒಳಗಿದ್ದದ್ದನ್ನೇ ತೆಗೆದಾಯ್ತಲ್ಲ, ಎಳೆಯೋಕೆ ಏನು ಉಳಿದಿದೆ?' ಅಂದೆ. ಬುಟ್ಟಿ ಎತ್ತಿದಳು. ನೋಡಿದೆಯಾ, ಮನಸ್ಸಿದ್ದರೆ ಎಲ್ಲ ಆಗುತ್ತದೆ. ಬುಧವಾರವೂ ಎತ್ತಿದಳು, ನಿನ್ನೆಯೂ ಎತ್ತಿದಳು. ಪಕ್ಕದ ಚಪ್ಪಲಿ ಅಂಗಡಿಯವಳು ಗೋಡೆಯಾಚೆಯಿಂದ ನೋಡಿ 'ನಿಮ್ಮದೇನು ಕಲ್ಲಿನ ಎದೆಯಾ?' ಅಂತ ಕೇಳಿದಳು. 'ನಾಲ್ಕೇ ತೂತು ಕಣಮ್ಮ, ಬೇಕಾದರೆ ಎಣಿಸಿ ನೋಡು' ಅಂದೆ. ಕಂಡವರ ಹೆಂಡತಿಯ ಮೇಲೆ ಕರುಣೆ ತೋರಿಸುವುದಕ್ಕೆ ಯಾರಿಗೂ ಏನೂ ಖರ್ಚಿಲ್ಲ.

ನನ್ನ ಪಾಡು ಕೇಳುವವರು ಮಾತ್ರ ಯಾರೂ ಇಲ್ಲ. ಅವಳು ಆಸ್ಪತ್ರೆಯಲ್ಲಿದ್ದಷ್ಟು ದಿನ ನಾನೇ ಬೇಯಿಸಿಕೊಂಡೆ, ನಾನೇ ತಟ್ಟೆ ತೊಳೆದೆ, ಒಂದು ಬೆರಳು ಸುಟ್ಟುಕೊಂಡೆ. ಅದರ ಗುಳ್ಳೆ ಇನ್ನೂ ಇದೆ. ನೀನಿದ್ದಿದ್ದರೆ ಊದಿ ಬೆಣ್ಣೆ ಹಚ್ಚುತ್ತಿದ್ದೆ. ಇವಳು ನೋಡಿ 'ಅಯ್ಯೋ' ಅಂತಲೂ ಅನ್ನಲಿಲ್ಲ.

ಅಕ್ಕನಿಗೂ ಭಾವನಿಗೂ ನಾನು ಕೇಳಿದೆ ಅಂತ ಹೇಳು. ಮಂಡಿ ಸರಿಹೋದ ಕೂಡಲೇ ಬಂದುಬಿಡು, ನೀನಿಲ್ಲದೆ ಈ ಮನೆಗೆ ಕಳೆಯೇ ಇಲ್ಲ. ಅಲ್ಲಿಂದಲೇ ನಮ್ಮಿಬ್ಬರ ತಲೆಯ ಮೇಲೆ ಕೈಯಿಟ್ಟು ಹರಸು.

ಇಂತಿ ನಿನ್ನ,
ಚಿಕ್ಕೋನು

ತಾಜಾಕಲಂ: ಕವರು ಅಂಟಿಸುವ ಹೊತ್ತಿಗೆ ನೆನಪಾಯಿತು, ನಿನ್ನನ್ನು ಕೇಳಬೇಕೆಂದೇ ಕಾಗದ ಹಿಡಿದು ಕೂತದ್ದು. ಬೆಳಿಗ್ಗೆ ಬುಟ್ಟಿ ಇಳಿಸಿದವಳಿಗೆ ರಕ್ತ ಹೋಗಲು ಶುರುವಾಗಿದೆ, ಇನ್ನೂ ನಿಂತಿಲ್ಲ. ಗರ್ಭಕೋಶವನ್ನೇ ತೆಗೆದ ಮೇಲೆ ರಕ್ತ ಎಲ್ಲಿಂದ ಬರುತ್ತದಮ್ಮಾ? ನಿನಗೂ ಹೀಗೆ ಆಗಿತ್ತೇ? 'ಆಸ್ಪತ್ರೆಗೆ ಕರ್ಕೊಂಡು ಹೋಗಿ ರೀ' ಅಂತ ಆಗಿನಿಂದ ಒಂದೇ ರಾಗ. ಹೋದರೆ ಆ ಡಾಕ್ಟರಮ್ಮ ಭಾರ ಎತ್ತಿಸಿದ್ದು ಯಾರು ಅಂತ ನಾಲ್ಕು ಜನರ ಮುಂದೆ ನನ್ನ ಮಾನ ತೆಗೆಯುತ್ತಾರೆ. ನಿನ್ನ ಉತ್ತರ ಬಂದ ಮೇಲೆ ನೋಡೋಣ. ಎರಡು ಶೀಟು ಹಾಳಾದವು, ತಣ್ಣೀರಲ್ಲಿ ನೆನೆಹಾಕಿದ್ದೇನೆ, ರಕ್ತಕ್ಕೆ ಬಿಸಿನೀರು ಸೋಕಿದರೆ ಕಲೆ ಹೋಗುವುದಿಲ್ಲ. ಈಗ ಸ್ವಲ್ಪ ಹೊತ್ತಿನಿಂದ ರಾಗ ನಿಂತಿದೆ. ಎರಡು ಸಲ ಕರೆದೆ, ಓಗೊಡಲಿಲ್ಲ. ಮುನಿಸಿಕೊಂಡಿರಬೇಕು, ಸಿಟ್ಟು ತಾನಾಗಿಯೇ ಇಳಿಯಲಿ ಅಂತ ಬಾಗಿಲು ಎಳೆದುಕೊಂಡು ಟಪಾಲು ಡಬ್ಬಿಗೆ ಹೊರಟಿದ್ದೇನೆ.