ಪಕ್ಷ ಕಳೆದ ಮೇಲೆ

ಕೊತ್ತತ್ತಿ ಹತ್ತಿರ, ನಾಲೆ ವಸತಿ
೩೦-೯-೧೯೪೩, ಮಧ್ಯಾಹ್ನ

ಪುಟ್ಟಿಯ ಅಪ್ಪನವರಿಗೆ, ಅವಳ ಅಮ್ಮನ ನಮಸ್ಕಾರ.

ಎರಡೂ ಕಾಲು ಗಂಟೆಗೆ ಎಚ್ಚರವಾಯಿತು. ನಾಲೆಯ ಕಡೆಯಿಂದ ಮರಕ್ಕೆ ಮರ ತಾಗುವ ಸದ್ದು, ಟಕ್, ಟಕ್. ಪುಟ್ಟಿಗೆ ಹಲ್ಲು ಬರುತ್ತಿದೆ. ರಾತ್ರಿಯೆಲ್ಲ ನನ್ನ ತೋಳಿನ ಮೇಲೇ ಇರುತ್ತಾಳೆ. ಇವತ್ತು ಊಟವಾದ ಮೇಲೆ ಅಪರೂಪಕ್ಕೆ ಇಬ್ಬರೂ ಕಣ್ಣು ಮುಚ್ಚಿದ್ದೆವು. ಯಾರೋ ಬಡಗಿ ಇರಬೇಕೆಂದು ಮಗ್ಗುಲು ಬದಲಿಸಿದೆ. ಆಮೇಲೆ ಇದು ಕಮಾನಿನ ಆಸರೆಯ ಬೆಣೆ ತಟ್ಟುವ ಸದ್ದು ಎಂದು ಹೊಳೆದು ಎದ್ದು ಕೂತೆ.

ಇದು ನಮ್ಮ ಜಗಳದ ಕಾಗದವಲ್ಲ. ಮನೆಯಾಳು ಅಂಕಯ್ಯನನ್ನು ಸಂಜೆಯ ರೈಲಿಗೆ ಮೈಸೂರಿಗೆ ಕಳಿಸುತ್ತಿದ್ದೇನೆ. ನಿಮ್ಮ ತಾಯಿಯವರ ಮನೆಯಲ್ಲಿ ನಿಮ್ಮ ಕೈಗೇ ಕೊಡಬೇಕೆಂದು ಹೇಳಿದ್ದೇನೆ. ಕೊನೆಯವರೆಗೂ ಓದಿ.

ನೀವು ಹೋದ ದಿನ ಮೇಜಿನ ಮೇಲೆ ಇಂಗ್ಲಿಷ್ ಟಿಪ್ಪಣಿಯೊಂದು ಉಳಿದಿತ್ತು. ನಾಲೆಯ ಕಮಾನು ಮುಚ್ಚಿದ ಮೇಲೆ ಹೇಗೆ ನೀರುಣಿಸಬೇಕು, ಕೆಳಗೆ ಕೊಟ್ಟ ಮರದ ಆಸರೆಯನ್ನು ಯಾವಾಗ ಇಳಿಸಬೇಕು ಎಂಬುದು. ಅದನ್ನು ಕನ್ನಡದಲ್ಲಿ ಕೊಟ್ಟರೆ ಮಾತ್ರ ಕೆಲಸ ಮುಂದಕ್ಕೆ ಎಂದು ಲಿಂಗಯ್ಯ ಮೇಸ್ತ್ರಿ ಬಾಗಿಲಲ್ಲಿ ನಿಂತ. ಎಂದಿನಂತೆ ನಾನೇ ಬರೆದೆ. ಸೇಲಂ ಕಡೆಯ ಗಾರೆಯವರು ಯುದ್ಧದ ಕೆಲಸಕ್ಕೆ ಹೋದಾಗಿನಿಂದ, ನೀವು ಹೊಲದಿಂದ ಕರೆತಂದು ಕಲಿಸಿದ ಆ ಆರು ಜನರಿಗೆ ಪಾಠಗಳನ್ನೆಲ್ಲ ಬರೆದುಕೊಟ್ಟವಳು ನಾನೇ ಅಲ್ಲವೇ?

ನಿಮ್ಮ ಟಿಪ್ಪಣಿಯಲ್ಲಿ ‘ಫೋರ್ಟ್‌ನೈಟ್’ ಎಂದಿತ್ತು. ನಾನು ‘ಪಕ್ಷ ಕಳೆದ ಮೇಲೆ ಆಸರೆ ಇಳಿಸತಕ್ಕದ್ದು’ ಎಂದು ಬರೆದೆ. ಹದಿನೈದು ದಿನ ಎಂದಿದ್ದರೆ ಸಾಕಿತ್ತು. ಮಗು ತೊಡೆಯ ಮೇಲೆ ಅಳುತ್ತಿದ್ದರೂ ಚಂದದ ಕನ್ನಡ ಬರೆಯುವ ನನ್ನ ಚಪಲ ಮಾತ್ರ ಹೋಗಿರಲಿಲ್ಲ.

ಕಮಾನಿನ ನಡುಗಲ್ಲು ಕೂತದ್ದು ಇಪ್ಪತ್ತೈದನೇ ತಾರೀಕು. ನಿನ್ನೆ ಪಕ್ಷದ ಹಬ್ಬ. ಹಿರಿಯರಿಗೆ ನಾನೂ ಎಡೆ ಇಟ್ಟೆ. ಬಸರಾಳಿನಲ್ಲಿ ನಮ್ಮಜ್ಜಿ ಪಕ್ಷ ಎನ್ನುತ್ತಿದ್ದದ್ದು ಈ ಹಬ್ಬಕ್ಕೇ. ಆದರೂ ನಾನು ಬರೆದ ಹಾಳೆ ನನಗೆ ನೆನಪಾಗಲಿಲ್ಲ ನೋಡಿ!

ನಾನು ಎದ್ದು ಕೂತಾಗಲೇ, ಆ ಆರು ಜನರಲ್ಲಿ ಒಬ್ಬನಾದ ಚಲುವರಾಜುವಿನ ಹೆಂಡತಿ ಚಿಕ್ಕಬೋರಮ್ಮ ಕಜ್ಜಾಯ ತಂದುಕೊಟ್ಟು, “ಪಕ್ಸ ಕಳೀತಲ್ಲವ್ವಾ, ನಾಳಿಕ್ ಒತ್ತಾರೆ ಮರ ಇಳಿಸ್ತರಂತೆ. ನಮ್ಮೋರೂ ಮೇಸ್ತ್ರಿ ಆಯ್ತರೆ!” ಎಂದಳು. ಅವಳಿಗೀಗ ಏಳು ತಿಂಗಳು. ನನ್ನ ಕೈಯಲ್ಲಿದ್ದ ಕಜ್ಜಾಯ ಕೈಯಲ್ಲೇ ಉಳಿಯಿತು.

ಪುಟ್ಟಿಯನ್ನು ಸೊಂಟಕ್ಕೆ ಏರಿಸಿಕೊಂಡು ನಾಲೆಗೆ ಹೋದೆ. ನಾಳೆ ಸಲೀಸಾಗಿ ಬರಲೆಂದು ಬೆಣೆಗಳಿಗೆ ಎಣ್ಣೆ ಹಚ್ಚಿ ತಟ್ಟಿ ನೋಡುತ್ತಿದ್ದರು. ಕಲ್ಲಿನ ಸಂದಿಯ ಗಾರೆಗೆ ತಲೆಯ ಪಿನ್ನು ಚುಚ್ಚಿದೆ. ಹಸಿ ಬೆಲ್ಲಕ್ಕೆ ಚುಚ್ಚಿದ ಹಾಗೆ ಇಳಿಯಿತು.

ಲಿಂಗಯ್ಯ ಗೋಡೆ ಕಟ್ಟಿ ಹಣ್ಣಾದವನು, ಕಮಾನು ಅವನಿಗೂ ಹೊಸದು. ಬೇಡ ಎಂದದ್ದಕ್ಕೆ ಅವನು ಹೇಳಿದ್ದು ಕೇಳಿ: “ಇಪ್ಪತ್ ವರ್ಸದಿಂದ ಯಾವ್ ಸಾಹೇಬ ನಮ್ ಎಡೆ ನೆಪ್ಪು ಮಡಿಕಂಡಿದ್ದನವ್ವ? ಹೈಕ್ಳು ಊರ್ಗೋಗಿ ಹಬ್ಬ ಕಳ್ಕಂಡ್ ಬಂದು ಇಳಿಸ್ಲಿ ಅಂತ ನಮ್ ಸಾಹೇಬ್ರು ಬರ್ದವ್ರೆ. ದೊಡ್ ಮನ್ಸ ಕಣವ್ವ.”

ಪಕ್ಷ ಎಂದರೆ ಹದಿನೈದು ದಿನ ಎಂದೆ. ಚಲುವರಾಜು ಕಮಾನಿನ ಕೆಳಗಿನಿಂದಲೇ, “ಅದಿನೈದ್ ದಿನ ಎಡೆ ಇಕ್ಕುದ್ರೆ ಊರ್ನಾಗೆ ಒಂದ್ ಕೋಳೀನೂ ಉಳಿಯಾಕಿಲ್ಲ ಕಣವ್ವ!” ಎಂದ. ಎಲ್ಲರೂ ನಕ್ಕರು. ಪುಟ್ಟಿಯೂ ನಕ್ಕಳು.

ಮತ್ತೆ ಮತ್ತೆ ಹೇಳಿದೆ. ಲಿಂಗಯ್ಯ ರುಮಾಲಿನ ಮಡಿಕೆಯಿಂದ ಆ ಹಾಳೆ ತೆಗೆದು ಬಿಚ್ಚಿದ. “ನೀವನ್ನೋದು ಬಾಯ್ಮಾತು. ಇಲ್ ನೋಡಿ, ಸಾಹೇಬ್ರ ರುಜು ಐತೆ. ಬ್ಯಾಡ ಅಂತ ಅವ್ರ ಬಾಯಲ್ಲೇ ಬರ್ಲಿ, ನಾನ್ ಬೆಣೆ ಮುಟ್ಟಿದ್ರೆ ಕೇಳಿ. ಕಚೇರೀಲಿ ಟೆಲಿಪೋನ್ ಐತಲ್ಲ. ನಿದ್ದೆಗೆಟ್ಟು ಮಕ ಬಾಡೋಗೈತೆ, ಓಗ್ ಮನಿಕಳಿ ತಾಯಿ.”

ಆಸರೆ ಇಳಿಯುವಾಗ ಕಟ್ಟಿದವರು ತಮ್ಮ ಕಮಾನಿನ ಕೆಳಗೇ ನಿಲ್ಲಬೇಕು, ಅದೇ ಅವರ ಪರೀಕ್ಷೆ ಎಂದು ಅವರಿಗೆ ಕಲಿಸಿದವರು ನೀವು. ನಾಳೆ ಬೆಳಕು ಹರಿಯುವಾಗ ಆರು ಜನರೂ ನಿಲ್ಲುತ್ತಾರೆ. ಮೊದಲ ಬೆಣೆ ಚಲುವರಾಜುವಿನದು.

ನನಗೆ ತುಂಬಾ ದಣಿವಾಗಿದೆ. ಬಿ.ಎ. ಓದಿದವಳಿಗೆ ಒಂದು ಮಗು ಮಲಗಿಸಲು ಬರುವುದಿಲ್ಲ ಎಂದು ನೀವು ಹೋಗುವಾಗ ಅಂದಿರಲ್ಲ, ಅದಕ್ಕೆ ಈಗ ಉತ್ತರ ಹೇಳಲು ನನ್ನಲ್ಲಿ ಶಕ್ತಿಯಿಲ್ಲ. ಮಾತು ನಿಮ್ಮದೇ ಗೆಲ್ಲಲಿ. ನಿಮ್ಮ ತಾಯಿಯವರ ಮನೆಯಲ್ಲಿ ಟೆಲಿಫೋನ್ ಇಲ್ಲ, ಇಲ್ಲಿಂದ ನಾನು ಮಾಡಲಾರೆ. ರಾತ್ರಿ ಎಷ್ಟು ಹೊತ್ತಾದರೂ ಸರಿ, ದೊಡ್ಡ ಅಂಚೆ ಕಚೇರಿಗೆ ಹೋಗಿ ನಾಲೆ ಕಚೇರಿಗೆ ಟ್ರಂಕ್ ಕಾಲ್ ಹಾಕಿಸಿ. ಕಾವಲಿನ ಚೌಡಯ್ಯ ಟೆಲಿಫೋನ್ ಪಕ್ಕದಲ್ಲೇ ಮಲಗುತ್ತಾನೆ. ಇನ್ನೂ ಒಂಬತ್ತು ದಿನ ಮುಟ್ಟಬೇಡಿ ಎಂದು ಲಿಂಗಯ್ಯನಿಗೆ ನಿಮ್ಮ ದನಿಯಲ್ಲೇ ಹೇಳಿ.

ಇತಿ,
ಜಯಲಕ್ಷ್ಮಮ್ಮ

ಮೇಲೆ ಬರೆಯಲಾರದೆ ಬಿಟ್ಟದ್ದು: ‘ಯಾವ ಹಾಳೆಗೂ ನಾನು ರುಜು ಹಾಕಿಲ್ಲವಲ್ಲ’ ಎಂದು ನೀವು ಆಗಲೇ ಹುಬ್ಬು ಗಂಟಿಕ್ಕಿರುತ್ತೀರಿ. ನಿಮ್ಮ ರುಜು ಹಾಕಿದವಳು ನಾನು. ನೀವು ಕಚೇರಿ ಕೆಲಸದ ಮೇಲೆ ಹೋಗಿದ್ದೀರಿ, ಹೊರಡುವ ಮುಂಚೆ ಬರೆದಿಟ್ಟಿರಿ ಎಂದು ಲಿಂಗಯ್ಯನಿಗೆ ಹೇಳಿದೆ. ರಜೆ ಬರೆಯದೆ, ಮುನಿಸಿಕೊಂಡು ತಾಯಿಯ ಮನೆಗೆ ಹೋದಿರೆಂದು ಹೇಗೆ ಹೇಳಲಿ? ಇವತ್ತೂ ನಾಲೆಯ ಹತ್ತಿರ ಆ ಮಾತು ನಾಲಿಗೆಯ ತುದಿಗೆ ಬಂದು ನಿಂತಿತು. ನಿಮ್ಮಿಂದ ಸುದ್ದಿ ಬರದಿದ್ದರೆ, ಅವರು ಕೆಳಗಿಳಿಯುವ ಮೊದಲೇ ಎಲ್ಲರೆದುರು ಹೇಳಿಬಿಡುತ್ತೇನೆ. ಆಮೇಲೆ ನಿಮ್ಮ ನೌಕರಿ ಉಳಿಯುವುದಿಲ್ಲ, ಪ್ರಾಯಶಃ ನನ್ನನ್ನು ನೀವು ಉಳಿಸಿಕೊಳ್ಳುವುದೂ ಇಲ್ಲ. ಹೇಳಿದರೂ ಅವರು ನಂಬದೆ ನಕ್ಕರೆ? ಬೈಯುವುದಕ್ಕೆ ನಿಮಗೆ ಇಡೀ ಆಯಸ್ಸಿದೆ. ಬೆಳಗಾಗುವುದರೊಳಗೆ ಟೆಲಿಫೋನ್ ಮಾಡಿ. ನಿಮ್ಮ ಕಾಲಿಗೆ ಬೀಳುತ್ತೇನೆ, ಮಾಡಿ.