ಬೆರಳಿಡದ ತಂತಿ

ಟೊಯೋಸು, ಟೋಕಿಯೊ
ನವೆಂಬರ್ ೯, ೨೦೨೪

ಪ್ರೀತಿಯ ಅಪ್ಪಾ,

ನಮಸ್ಕಾರ. ಎಡಗೈ ಹೇಗಿದೆ? ಫಿಸಿಯೋಥೆರಪಿಯವರು ಕೊಟ್ಟ ರಬ್ಬರ್ ಚೆಂಡನ್ನು ಹಿಸುಕುತ್ತಿದ್ದೀರಾ, ಇಲ್ಲ ಅದು ದಿಂಬಿನ ಕೆಳಗೆ ಸೇರಿದೆಯಾ? ಶ್ರೀಕಂಠನನ್ನು ಕೇಳಿ ಪ್ರಯೋಜನವಿಲ್ಲ, ಎಷ್ಟಾದರೂ ನಿಮ್ಮ ಮಗ, ನಿಮ್ಮ ಪರವಾಗಿಯೇ ಸುಳ್ಳು ಹೇಳುತ್ತಾನೆ. ಪಾರ್ಶ್ವವಾಯು ಆದಮೇಲೆ ಪಿಟೀಲನ್ನು ಬೀರುವಿನ ಮೇಲೆ ಇಡಿಸಿಬಿಟ್ಟಿರಂತೆ.

ಇಲ್ಲಿ ನಿಮ್ಮ ಮೊಮ್ಮಗಳೂ ಗಿಟಾರನ್ನು ಮೂಲೆಗೆ ಒರಗಿಸಿದ್ದಾಳೆ. ನಿಮಗೆ ಕಾಯಿಲೆಯಾಗುವ ಮುಂಚೆ, ಯುಗಾದಿಯ ದಿನ, ನೀವು ಕಲಿಸಿದ ಶುದ್ಧ ಧನ್ಯಾಸಿಯನ್ನು ಅವಳು ಅಮೆರಿಕದ ಬ್ಲೂಸ್ ಧಾಟಿಯಲ್ಲಿ ಎಳೆದೆಳೆದು ವಿಡಿಯೋ ಕಾಲಿನಲ್ಲಿ ನುಡಿಸಿ ತೋರಿಸಿದಳಲ್ಲ, ಆಗ ನೀವು "ಇದು ಸಂಗೀತ ಅಲ್ಲಮ್ಮಾ, ರಾಗಾನ ಕೊಲ್ತಿದ್ದೀಯ" ಅಂದುಬಿಟ್ಟಿರಿ. ನೀವು ಮರೆತಿರಬಹುದು, ಹದಿನೈದರ ಹುಡುಗಿ ಮರೆಯಲಿಲ್ಲ. ಅಂದಿನಿಂದ ನೀವು ಫೋನ್ ಮಾಡಿದಾಗಲೆಲ್ಲ ನಿಧಿಗೆ ಹೋಂವರ್ಕ್ ಇರುತ್ತದೆ.

ಮೊನ್ನೆ ಹತ್ತಿರದ ಸಭಾಂಗಣದಲ್ಲಿ ಆಫ್ರಿಕಾದ ಮಾಲಿ ದೇಶದ ಮಮಾದು ಎಂಬ ಗಿಟಾರ್ ವಾದಕರ ಕಛೇರಿಯಿತ್ತು. ತಮ್ಮ ಊರಿನ ಹಳೆಯ ಹಾಡುಗಳಿಗೆ ಬ್ಲೂಸ್ ಬೆರೆಸಿ ನುಡಿಸುತ್ತಾರೆ ಎಂದು ಓದಿ, ನಿಧಿಯನ್ನು ಹೆಚ್ಚುಕಡಿಮೆ ಎಳೆದುಕೊಂಡೇ ಹೋದೆ. ಒಂದು ತಂತಿ ತಂಬೂರಿಯ ಹಾಗೆ ಮೊಳಗುತ್ತಲೇ ಇತ್ತು. ಅದರ ಮೇಲೆ, ಅಪ್ಪಾ, ನಿಮ್ಮ ಶುದ್ಧ ಧನ್ಯಾಸಿಯ ಅವೇ ಐದು ಸ್ವರ! ಗಮಕ ಬೇರೆ, ನಡೆ ಬೇರೆ, ರಾಗ ಅದಲ್ಲ, ಗೊತ್ತು, ಬೈಯಬೇಡಿ. ಆದರೆ ನನ್ನ ಕೈ ತಾನಾಗಿ ತೊಡೆಯ ಮೇಲೆ ತಾಳ ಹಾಕತೊಡಗಿತು, ಬಾಯಿ ಜೋರಾಗಿ "ಭೇಷ್" ಅಂದೇಬಿಟ್ಟಿತು. ಇಲ್ಲಿಯವರು ಕಛೇರಿಯಲ್ಲಿ ಕೆಮ್ಮುವುದಕ್ಕೂ ಹೆದರುತ್ತಾರೆ. ಇಡೀ ಸಾಲು ತಿರುಗಿ ನೋಡಿತು. ಸುಮಿಮಾಸೆನ್, ಸುಮಿಮಾಸೆನ್ ಎಂದು ಎಲ್ಲರ ಕ್ಷಮೆ ಕೇಳುತ್ತ ಸೀಟಿನಲ್ಲೇ ಮುದುಡಿಕೊಂಡೆ. ಮಮಾದು ಮಾತ್ರ ನಕ್ಕು, ನನ್ನ ಕಡೆ ತಿರುಗಿ, ಆ ತುಣುಕನ್ನೇ ಇನ್ನೊಮ್ಮೆ ನುಡಿಸಿದರು. ನಿಧಿ ಅವಮಾನದಿಂದ ಎದ್ದು ಹೋಗುತ್ತಾಳೆ ಅಂದುಕೊಂಡರೆ, ಬಾಯಿಗೆ ಕೈ ಅಡ್ಡ ಹಿಡಿದು ನಗುತ್ತಿದ್ದಳು.

ನಡುವೆ ಮಮಾದು ಆಡಿದ ಮಾತನ್ನು ಒಬ್ಬರು ಜಪಾನಿಯಲ್ಲಿ ಹೇಳಿದರು, ಅದನ್ನು ನಿಧಿ ತನ್ನ ಅರೆಬರೆ ಕನ್ನಡದಲ್ಲಿ ನನ್ನ ಕಿವಿಗೆ ಹಾಕಿದಳು. ಅವರ ತಾತ ಚರ್ಮ ಹೊದಿಸಿದ ಪುಟ್ಟ ತಂತಿವಾದ್ಯ ನುಡಿಸುತ್ತಿದ್ದರಂತೆ. ಮೊಮ್ಮಗ ಬ್ಲೂಸ್ ಹಿಡಿದಾಗ ಸಿಟ್ಟಾಗಿ ಮಾತೇ ಬಿಟ್ಟರಂತೆ. ಆಮೇಲೆ ವಯಸ್ಸಾಗಿ ಬೆರಳು ಮಡಚದಂತಾದಾಗ, ಒಂದು ದಿನ ತಾವಾಗಿ ಬಂದು ಅವನ ಪಕ್ಕ ಕೂತು, ಒಂದೇ ತಂತಿಯನ್ನು ಮೀಟುತ್ತ ಜೊತೆ ಕೊಟ್ಟರಂತೆ. ಈಗ ತಾತ ಇಲ್ಲ, ಆ ತಂತಿಯನ್ನು ಮಮಾದು ತಾವೇ ಮೀಟಿಕೊಳ್ಳುತ್ತಾರೆ. ಇಷ್ಟು ಹೇಳಿ ನಿಧಿ ನನ್ನ ತೋಳು ಹಿಡಿದುಕೊಂಡಳು. ನಾನಂತೂ ಅತ್ತೇಬಿಟ್ಟೆ.

ಮಾತ್ರೆ ತಪ್ಪಿಸಬೇಡಿ. ಶ್ರೀಕಂಠನನ್ನೂ ಅತ್ತಿಗೆಯನ್ನೂ ಕೇಳಿದೆನೆಂದು ಹೇಳಿ. ನಿಮ್ಮ ಅಳಿಯ ಅಶೋಕ ನಮಸ್ಕಾರ ತಿಳಿಸಿದ್ದಾರೆ. ನಿಮ್ಮ ಎರಡೂ ಕೈ ನಮ್ಮ ತಲೆಯ ಮೇಲಿರಲಿ.

ನಿಮ್ಮ
ವೇದಾ

ಮರೆತ ಮಾತು: ಲಕೋಟೆ ಅಂಟಿಸುವಾಗ ನಿಧಿ ಬಂದು ಪಕ್ಕದಲ್ಲೇ ನಿಂತಿದ್ದಾಳೆ, ಅದಕ್ಕೇ ಈ ಅವಸರದ ಅಕ್ಷರ. ಇದು ತಲುಪಿದ ಮೇಲೆ ಬರುವ ಭಾನುವಾರ ಬೆಳಿಗ್ಗೆ ಅವಳೇ ಫೋನ್ ಮಾಡುತ್ತಾಳಂತೆ. ಗಿಟಾರನ್ನು ನಿಮ್ಮ ಪಿಟೀಲಿನ ಶ್ರುತಿಗೆ ಕೂಡಿಸಿಟ್ಟಿದ್ದಾಳೆ. "ತಾತಂಗೆ ಬರಿಯಮ್ಮಾ, ಲೆಫ್ಟ್ ಹ್ಯಾಂಡ್ ಬೇಡ. ಪಿಟೀಲು ಹೇಗೂ ಕಾಲ್ ಮೇಲೆ ಕೂತಿರತ್ತೆ. ತಂತಿ ಮೇಲೆ ಬೆರಳಿಡದೆ ಬರೀ ಕಮಾನು ಎಳೀಲಿ, ಸ ಪ ಸಾಕು. ಮಿಕ್ಕಿದ್ದು ನಾನು ನುಡಿಸ್ತೀನಿ." ಬೀರುವಿನ ಮೇಲಿಂದ ಇಳಿಸಿಕೊಡಲು ಶ್ರೀಕಂಠನಿಗೆ ಹೇಳಿ, ಅಪ್ಪಾ. ಆ ದಿನ ಅವಳಿಗೆ ಹೋಂವರ್ಕ್ ಇಲ್ಲವಂತೆ.