ಅಡುಗೆಮನೆಯ ಕಿಟಕಿ

ಅಪ್ಪಾ,

ಅಕ್ಟೋಬರ್ ಬಂತೆಂದರೆ ನೀವು ಊದುಬತ್ತಿ ಹಿಡಿದು ಮನೆಯೆಲ್ಲ ಸುತ್ತುತ್ತಿದ್ದುದು ನೆನಪಾಗುತ್ತದೆ. ದೇವರಿಗಲ್ಲ, ಚಳಿಗಾಲದ ಗಾಳಿಗೆ. ಕಿಟಕಿಯ ಅಂಚಿನಲ್ಲಿ ಹೊಗೆ ಅಲುಗಾಡಿದ ಕಡೆ ಗಾಳಿ ನುಗ್ಗುವ ಸಂದು ಇದೆ ಎಂದು ಅರ್ಥ. ನಾನು ಹಿಂದೆಯೇ ಸಂದು ಮುಚ್ಚುವ ಫೋಮ್ ಪಟ್ಟಿ ಹಿಡಿದು ಬರಬೇಕು. ಕತ್ತರಿಸಿಕೊಡುವುದು ಸ್ವಲ್ಪ ತಡವಾದರೂ ತಲೆಗೆ ಮೊಟಕು. ಆಮೇಲೆ ಕಿಟಕಿಗೆ ಪ್ಲಾಸ್ಟಿಕ್ ಹಾಳೆ ಅಂಟಿಸಿ, ಅಮ್ಮನ ಹೇರ್ ಡ್ರೈಯರ್‌ನಿಂದ ಬಿಸಿ ಹಾಯಿಸಿ, ತಮಟೆಯ ಹಾಗೆ ಬಿಗಿ ಮಾಡುತ್ತಿದ್ದಿರಿ. ಈ ಸ್ಕೋಕಿ ಊರಿನಲ್ಲಿ ಇಷ್ಟು ಬೆಚ್ಚಗಿನ ಮನೆ ಇನ್ನೊಂದಿಲ್ಲ ಎಂದು ಬಂದವರೆಲ್ಲ ಹೊಗಳುತ್ತಿದ್ದರು. ಒಳಗಿನ ಸದ್ದೂ ಹೊರಗೆ ಹೋಗುತ್ತಿರಲಿಲ್ಲ ಎನ್ನುವುದು ಅವರಿಗೇನು ಗೊತ್ತು?

ಅಂಥದೊಂದು ಚಳಿಗಾಲದ ದಿನ ಅಮ್ಮ ಸಾರಿಗೆ ಒಗ್ಗರಣೆ ಹಾಕಿದ್ದಳು. ಮೆಣಸಿನಕಾಯಿ ಸೀದು, ಘಾಟು ತುಂಬಿ, ಎಲ್ಲರಿಗೂ ಕೆಮ್ಮು. ಅವಳು ಪ್ಲಾಸ್ಟಿಕ್ ಹರಿದು, ಮೇಲೆ ಕೆಳಗೆ ಜಾರುವ ಆ ಕಿಟಕಿಯನ್ನು ಮೇಲಕ್ಕೆತ್ತಿದಳು. "ಹೀಟಿಂಗ್ ಹಾಕಿ ಬೀದಿ ಬಿಸಿ ಮಾಡ್ತೀಯೇನೇ?" ಎಂದು ನೀವು ಹಾಲ್‌ನಿಂದ ನುಗ್ಗಿ ಬಂದಿರಿ. ಜುಟ್ಟು ಹಿಡಿದು ಗೋಡೆಗೆ ಬಡಿದಿರಿ. ಬೀಳಬಾರದೆಂದು ಅವಳು ಕಿಟಕಿ ಚೌಕಟ್ಟಿನ ಕೆಳ ಅಂಚು ಹಿಡಿದುಕೊಂಡಳು, ನೀವು ಎರಡೂ ಕೈಯಿಂದ ಕಿಟಕಿಯನ್ನು ಕೆಳಗೆ... "ರೀ, ಕೈ! ರೀ, ಕೈ!" ಎಂದು ಕಿರುಚಿದಳು. ನೀವು ಮತ್ತೊಮ್ಮೆ ಎತ್ತಿ ಹಾಕಿದಿರಿ. ಮೂಳೆ ಮುರಿದ ಸದ್ದು ನನಗೆ ಸ್ಪಷ್ಟವಾಗಿ ಕೇಳಿಸಿತು.

ಲೆಮಾಂಟ್ ದೇವಸ್ಥಾನದಲ್ಲಿ ಅವಳ ಬ್ಯಾಂಡೇಜ್ ನೋಡಿ ಆಂಟಿಯರು ವಿಚಾರಿಸಿದಾಗ, "ಹಳೇ ಕಿಟಕಿ ಕಣ್ರೀ, ಜಾರಿ ಬಿತ್ತು" ಎಂದಿರಿ. ಅಮ್ಮ ಹೌದೆಂದು ತಲೆಯಾಡಿಸಿದಳು. ಹೋದ ಡಿಸೆಂಬರ್‌ನಲ್ಲಿ ನಿಮ್ಮ ಹೆಣದ ಮುಂದೆ ನನಗೆ ಅಳು ಬರಲಿಲ್ಲ. ಎದ್ದು ಕೂತರೆ ಎರಡು ಬಾರಿಸಬೇಕು ಅನ್ನಿಸಿತು.

ಮೊನ್ನೆ ಶನಿವಾರ ನಾರ್ತ್‌ವಿಲ್‌ನ ನನ್ನ ಮನೆಯಿಂದ ಅಮ್ಮನ ಹತ್ತಿರ ಡ್ರೈವ್ ಮಾಡಿಕೊಂಡು ಬಂದೆ. ಈ ಸಲ ಸಂದು ಮುಚ್ಚಬೇಕಾದವಳು ನಾನೇ ತಾನೇ? ಅಮ್ಮ ಊದುಬತ್ತಿ ಹಿಡಿದಳು, ಮಡಚಲಾಗದ ಆ ಬೆರಳುಗಳಲ್ಲೇ. ಅಡುಗೆಮನೆಯ ಕಿಟಕಿಯ ಹತ್ತಿರ ಹೊಗೆ ಜೋರಾಗಿ ಬಾಗಿತು. ನಾನು ಪಟ್ಟಿ ತೆಗೆದೆ. "ಅದೊಂದು ಬಿಡೇ. ನಂಗೆ ಗಾಳಿ ಬೇಕು" ಎಂದಳು.

ಅಷ್ಟರಲ್ಲಿ ನಿಮ್ಮ ಗೆಳೆಯ ಮೂರ್ತಿ ಅಂಕಲ್ ಬಂದರು, ನಿಮ್ಮ ವರ್ಷದ ತಿಥಿಯ ಮಾತಾಡಲು. ಅಡುಗೆಮನೆಯಲ್ಲೇ ಕೂತು, "ಅವನಿದ್ದಿದ್ರೆ ಇಲ್ಲಿ ಗಾಳಿ ನುಗ್ತಿತ್ತಾ? ಹೆಂಗೆ ನೋಡ್ಕೊಂಡಿದ್ದ ನಿಮ್ಮನ್ನ!" ಎಂದರು.

ಕಾಫಿ ಬೆರೆಸುತ್ತಿದ್ದ ಅಮ್ಮ ಲೋಟ ಕೆಳಗಿಟ್ಟಳು. ಬಲಗೈಯನ್ನು ಅವರ ಮುಖದ ಹತ್ತಿರ ಹಿಡಿದಳು. "ಕಿಟಕಿ ಜಾರಿ ಬೀಳ್ಲಿಲ್ಲ ಮೂರ್ತಿಯವ್ರೇ. ಅವ್ರೇ ಹಾಕಿದ್ದು. ಕೈ, ಕೈ ಅಂತ ಕೂಗ್ಕೊಂಡೆ. ಮತ್ತೆ ಎತ್ತಿ ಹಾಕಿದ್ರು."

ಅಂಕಲ್ ಕಾಫಿ ಕುಡಿಯದೆ ಎದ್ದು ಹೋದರು.

ಡಿಸೆಂಬರ್‌ನಲ್ಲಿ ಲೆಮಾಂಟ್‌ನಲ್ಲಿ ನಿಮ್ಮ ತಿಥಿ. ಅಮ್ಮ ಹೋಗುವುದಿಲ್ಲವಂತೆ. ನಾನೂ ಹೋಗುವುದಿಲ್ಲ. ಯಾಕೆ ಬರಲಿಲ್ಲ ಎಂದು ಯಾರು ಕೇಳಿದರೂ, ಇದ್ದದ್ದನ್ನು ಇದ್ದ ಹಾಗೆ ಹೇಳುತ್ತೇವೆ ಅಪ್ಪಾ.

ನಿಮ್ಮ ಮಗಳು